ಅನುಮಾನಮ್ಮನಿಗೆ ಧೈರ್ಯ ಕಲಿಸಿದ ದಿನ

ಆ ದಿನದ ರಂಪಕ್ಕೆಲ್ಲ ಕಾರಣ ಅಂಗೈಯಗಲದ ಒಂದು ಕಾರ್ಡು. ಬೆಳಿಗ್ಗೆ ಎಂಟೂವರೆಗೆ ಅದು ಹಾಲಣ್ಣನ ಬಾಗಿಲ ಸಂದಿಯಿಂದ ಒಳಗೆ ಜಾರಿತು. ಮೇಲೆ ಹಾಲಿನ ಸಂಘದ ಮೊಹರು, ಕೆಳಗೆ ಇರುವೆ ಸಾಲಿನಂಥ ಸಹಿ. 'ನಿಮ್ಮ ಬೀದಿಗೆ ಹಾಲು ಕರೆಯುವ ಯಂತ್ರವೊಂದನ್ನು ಕೊಡಲು ಸಂಘ ತೀರ್ಮಾನಿಸಿದೆ. ಪಟ್ಟಿಯಲ್ಲಿ ಮೊದಲ ಹೆಸರು ತಮ್ಮದು. ಇಂದು ಸಂಜೆ ನಾಲ್ಕಕ್ಕೆ ನಮ್ಮ ಅಧಿಕಾರಿ ಯಂತ್ರ ತರುತ್ತಾರೆ. ತಮ್ಮಲ್ಲಿ ಅತಿ ಹೆಚ್ಚು ಹಾಲು ಕೊಡುವ ಹಸು ಅಂಜದೆ ನಿಂತು ಅದಕ್ಕೆ ಹಾಲು ಕೊಟ್ಟರೆ ಯಂತ್ರ ತಮ್ಮಲ್ಲೇ ಉಳಿಯುತ್ತದೆ. ಒದ್ದರೆ ಪಟ್ಟಿಯ ಎರಡನೆಯ ಹೆಸರಿಗೆ ಹೋಗುತ್ತದೆ.'

ಎರಡನೆಯ ಹೆಸರು ಯಾರದೆಂದು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಆ ಬೀದಿಯಲ್ಲಿ ಹಸು ಕಟ್ಟಿದವರು ಇಬ್ಬರೇ. ಒಬ್ಬ ಹಾಲಣ್ಣ, ಇನ್ನೊಬ್ಬ ಅವನ ಹೆಂಡತಿಯ ತಂಗಿಯ ಗಂಡ, ಎಂಟು ಮನೆ ಆಚೆಯ ಷಡ್ಡಕ. ಈ ಷಡ್ಡಕ ನಕ್ಕರೆ ಹಾಲಣ್ಣ ತನ್ನ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ. ಕೆಮ್ಮಿದರೆ ಹೋಗಿ ಬಾಗಿಲ ಚಿಲಕ ಹಾಕಿ ಬರುತ್ತಿದ್ದ.

ಹಾಲಣ್ಣನ ಬೆರಳುಗಳ ವಿಷಯವನ್ನೂ ಇಲ್ಲಿ ಹೇಳಲೇಬೇಕು. ಮೂವತ್ತು ವರ್ಷಗಳಲ್ಲಿ ಆ ಹತ್ತು ಬೆರಳು ಕರೆದ ಹಾಲನ್ನು ಒಂದೆಡೆ ಸುರಿದಿದ್ದರೆ ಅದರಲ್ಲಿ ಹಡಗು ತೇಲುತ್ತಿತ್ತು, ಹಡಗಿನ ಹಿಂದೆ ಒಂದೆರಡು ತಿಮಿಂಗಿಲಗಳೂ ಬರುತ್ತಿದ್ದವು. ಈಗ ಅದೇ ಬೆರಳುಗಳಿಗೆ ಅಂಗಿಯ ಗುಂಡಿ ಹಾಕಲು ಹೆಂಡತಿಯ ಸಹಾಯ ಬೇಕು. ಹೆಬ್ಬೆರಳು ಮಡಚಿದರೆ ಹಳೆಯ ಬಾಗಿಲಿನಂತೆ ಕಿರ್ರೆನ್ನುತ್ತಿತ್ತು. ಇನ್ನಾರು ತಿಂಗಳು ಹೀಗೆಯೇ ಕೈಯಲ್ಲಿ ಕರೆದರೆ ಆಮೇಲೆ ಊಟವನ್ನೂ ಬೇರೆಯವರೇ ಬಾಯಿಗಿಡಬೇಕು ಎಂದು ಡಾಕ್ಟರು ಹೇಳಿಯಾಗಿತ್ತು. ಯಂತ್ರ ಬರಬೇಕು, ಇಲ್ಲವೇ ಹಸುಗಳು ಹೋಗಬೇಕು. ಮೂರನೆಯ ದಾರಿ ಇರಲಿಲ್ಲ.

“ಅಂತೂ ನಿಮ್ಮ ಕೈಗೆ ಬಿಡುಗಡೆ ಬಂತು ರೀ,” ಎಂದಳು ಹೆಂಡತಿ, ಕಾರ್ಡನ್ನು ಎರಡು ಸಲ ಓದಿ. ಮೂರನೆಯ ಸಲ ಓದುವಾಗ ಅವಳ ಮುಖ ಬಾಡಿತು. “ಅಲ್ಲಾ, ಅತಿ ಹೆಚ್ಚು ಹಾಲು ಕೊಡೋ ಹಸು ಅಂದ್ರೆ...”

“ಅವಳೇ,” ಎಂದ ಹಾಲಣ್ಣ.

ಇಬ್ಬರೂ ಕೊಟ್ಟಿಗೆಯ ಕಡೆ ನೋಡಿದರು. ಕೊಟ್ಟಿಗೆಯಿಂದ ಎರಡು ದಪ್ಪ ಕಣ್ಣುಗಳು, ತನ್ನ ಬಗ್ಗೆಯೇ ಏನೋ ಸಂಚು ನಡೆದಿದೆ ಎಂಬಂತೆ, ಅವರನ್ನೇ ನೋಡುತ್ತಿದ್ದವು.

ಅವಳ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಇಡೀ ಬೀದಿ ಕರೆಯುವುದು ಅನುಮಾನಮ್ಮ ಎಂದು. ಹೊತ್ತಿಗೆ ಹನ್ನೆರಡು ಲೀಟರ್ ಕೊಡುವ ಹಸು. ಆದರೆ ಜಗತ್ತಿನಲ್ಲಿ ಹೊಸದು ಅನ್ನುವುದೆಲ್ಲ ತನ್ನನ್ನು ಕೊಲ್ಲಲೆಂದೇ ಬಂದದ್ದು ಎಂಬುದು ಅವಳ ದೃಢ ನಂಬಿಕೆ. ಒಮ್ಮೆ ಹೊಸ ಬಕೆಟ್ಟು ತಂದಿದ್ದಕ್ಕೆ ಅದನ್ನು ಒದ್ದ ಒದೆಗೆ, ಬಕೆಟ್ಟು ಮೂರು ಮನೆ ದಾಟಿ ಹೋಗಿ ಯಾರದೋ ತುಳಸಿ ಗಿಡವನ್ನು ಮುಚ್ಚಿ ಕೂತಿತು. ಗೇಟಿಗೆ ಹಸಿರು ಬಣ್ಣ ಬಳಿದ ವಾರ ಅವಳು ನಾಲ್ಕು ದಿನ ರಸ್ತೆಯಲ್ಲೇ ನಿಂತು, ಬಿಸಿಲಿಗೆ ಆ ಬಣ್ಣ ಮಂಕಾದ ಮೇಲೆ ಒಳಗೆ ಬಂದಳು. ಹಾಲಣ್ಣ ಒಂದು ಸಲ ಮೀಸೆ ಬೋಳಿಸಿದ್ದ. ಹನ್ನೊಂದು ದಿನ ಒಂದು ಹನಿ ಹಾಲಿಲ್ಲ. ಹನ್ನೆರಡನೆಯ ದಿನ ಮಸಿಯಲ್ಲಿ ಮೀಸೆ ಬರೆದುಕೊಂಡು ಹೋದ ಮೇಲೆ ಕೊಟ್ಟಳು. ಅದೂ ಎಡಗಡೆಯ ಮೀಸೆ ಕೊಂಚ ಗಿಡ್ಡವಾಗಿದೆಯೆಂದು ಒಂದು ಲೀಟರ್ ಹಿಡಿದುಕೊಂಡೇ ಕೊಟ್ಟಳು.

ಉಳಿದ ಮೂರು ಹಸುಗಳಿಗೆ ಸ್ವಂತ ಅಭಿಪ್ರಾಯವೇ ಇರಲಿಲ್ಲ. ಅನುಮಾನಮ್ಮ ಮೆಲುಕು ಹಾಕಿದರೆ ಅವೂ ಹಾಕುತ್ತಿದ್ದವು. ಅವಳು ಕಿವಿ ನಿಮಿರಿಸಿದರೆ ಅವೂ ನಿಮಿರಿಸುತ್ತಿದ್ದವು. ಅವಳು ಒದ್ದರೆ, ಯಾರನ್ನು, ಯಾತಕ್ಕೆ ಎಂದು ಕೇಳದೆ, ಹತ್ತಿರ ಸಿಕ್ಕಿದವರನ್ನು ಒದೆಯುತ್ತಿದ್ದವು.

ಇಂಥವಳ ಮುಂದೆ ಯಂತ್ರ. ಆರು ವರ್ಷದ ಹಿಂದೆ ಒಂದು ದೊಡ್ಡ ಡೈರಿಯಲ್ಲಿ ಹಾಲಣ್ಣ ಅಂಥದೊಂದನ್ನು ಕಣ್ಣಾರೆ ಕಂಡಿದ್ದ. ನಾಲ್ಕು ಕೊಳವೆ, ನಾಲ್ಕು ಬಟ್ಟಲು, ಜೊತೆಗೆ ಒಂದು ಮೋಟಾರು. ಶುರುವಾಯಿತೆಂದರೆ ರೈಲೊಂದು ಹಿಟ್ಟಿನ ಗಿರಣಿಯನ್ನು ನುಂಗಿ ಅಜೀರ್ಣವಾದಂತೆ ಸದ್ದು. ಅದನ್ನು ಕೇಳಿ ಅವನಿಗೇ ಎರಡು ದಿನ ಜ್ವರ ಬಂದಿತ್ತು.

ಅವನು ಚಪ್ಪಲಿ ಮೆಟ್ಟಿಕೊಂಡು ದನದ ಡಾಕ್ಟರ ಬಳಿಗೆ ಓಡಿದ. ಡಾಕ್ಟರು ಒಂದು ಎಮ್ಮೆಯ ಬಾಯೊಳಗೆ ಮೊಣಕೈವರೆಗೆ ಕೈ ಹಾಕಿ ಏನನ್ನೋ ಹುಡುಕುತ್ತಿದ್ದರು.

“ಡಾಕ್ಟ್ರೇ, ಹಸುಗೆ ಧೈರ್ಯ ಬರೋ ಇಂಜೆಕ್ಷನ್ ಇದೆಯಾ?”

“ಇದ್ದಿದ್ರೆ ನಾನೇ ಚುಚ್ಚಿಕೊಂಡು ದಿನಾ ಮನೆಗೆ ಹೋಗ್ತಿದ್ದೆ,” ಎಂದರು ಡಾಕ್ಟರು. “ಏನು, ನಿನ್ನ ಅನುಮಾನಮ್ಮನಾ?”

ಹಾಲಣ್ಣ ಪಿಸುದನಿಯಲ್ಲಿ ಎಲ್ಲ ಹೇಳಿದ. ಎಮ್ಮೆ ಕೇಳಿಸಿಕೊಂಡರೂ ಷಡ್ಡಕನಿಗೆ ತಲುಪಿಸೀತು ಎಂಬ ಭಯ ಅವನಿಗೆ.

“ನೋಡು, ಹೊಸದನ್ನ ಕಂಡ್ರೆ ಹೆದರೋದು ಅದರ ಹುಟ್ಟುಗುಣ,” ಎಂದರು ಡಾಕ್ಟರು. “ಹಿಂದೆ ಕಾಡಲ್ಲಿ ಹೆದರದೇ ನಿಂತಿದ್ದನ್ನೆಲ್ಲ ಹುಲಿ ತಿಂದುಹಾಕ್ತು. ಹೆದರಿ ಓಡಿದವುಗಳ ಮೊಮ್ಮಕ್ಕಳೇ ಇವತ್ತು ನಿನ್ನ ಕೊಟ್ಟಿಗೇಲಿ ನಿಂತಿರೋದು. ಬೈದ್ರೆ, ಬಿಗಿದು ಕಟ್ಟಿ ಎದುರಿಗೆ ತಂದಿಟ್ರೆ, ಹೆದರಿಕೆ ಇನ್ನೂ ಗಟ್ಟಿಯಾಗುತ್ತೆ. ದೂರದಿಂದ ಶುರು ಮಾಡು. ಮೊದಲು ಸಣ್ಣ ಸದ್ದು, ಆಮೇಲೆ ದೊಡ್ಡದು. ಪ್ರತಿ ಸಲಾನೂ ಬಾಯಿಗೆ ರುಚಿಯಾಗಿ ಏನಾದ್ರೂ ಕೊಡು. ಕಿವಿ ಇಳಿದು ಮೆಲುಕು ಹಾಕೋಕೆ ಶುರು ಮಾಡಿದ್ರೆ ಒಂದು ಹೆಜ್ಜೆ ಮುಂದೆ. ಕಿವಿ ನಿಮಿರಿತೋ, ಒಂದು ಹೆಜ್ಜೆ ಹಿಂದೆ. ಸದ್ದು ಬಂದ್ರೆ ಜೊತೆಗೆ ತಿಂಡೀನೂ ಬರುತ್ತೆ ಅಂತ ಅದಕ್ಕೇ ಅನ್ನಿಸಬೇಕು. ಅಷ್ಟಾದ್ರೆ ಮುಗೀತು.”

“ಎಷ್ಟು ದಿನ ಬೇಕು?”

“ಮೂರು ವಾರ.”

“ನನ್ನ ಹತ್ರ ಏಳು ಗಂಟೆ ಇದೆ.”

ಡಾಕ್ಟರು ಎಮ್ಮೆಯನ್ನು ನೋಡುವ ಕಣ್ಣಿನಿಂದಲೇ ಅವನನ್ನು ನೋಡಿದರು. “ಹಾಗಾದ್ರೆ ಹಿಂಡಿ ಜಾಸ್ತಿ ಹಾಕು,” ಎಂದರು.

ಕೆಲಸ ಗುಟ್ಟಾಗಿ ನಡೆಯಬೇಕಿತ್ತು. ಪರೀಕ್ಷೆಯ ಸುದ್ದಿ ಷಡ್ಡಕನಿಗೆ ತಿಳಿದರೆ ನಾಲ್ಕು ಗಂಟೆಗೆ ಸರಿಯಾಗಿ ಅವನು ಕೊಟ್ಟಿಗೆಯ ಹಿಂದೆ ತಗಡಿನ ಡಬ್ಬ ಬಾರಿಸುತ್ತಾನೆ ಎಂಬುದರಲ್ಲಿ ಹಾಲಣ್ಣನಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಷಡ್ಡಕನಿಗೆ ತಿಳಿಯಬಾರದೆಂದರೆ ಎದುರುಮನೆಯ ಕಿಟಕಿ ಅತ್ತೆಗೆ ತಿಳಿಯಬಾರದು. ಕಿಟಕಿ ಅತ್ತೆ ಯಾರ ಅತ್ತೆ ಎಂಬುದು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಹದಿನಾಲ್ಕು ವರ್ಷದಿಂದ ಕಿಟಕಿ ಬಿಟ್ಟು ಏಳದೆ ಅವರ ಮೊಣಕೈ ಊರಿದ ಜಾಗದಲ್ಲಿ ಕಲ್ಲು ಸವೆದು ಎರಡು ಬಟ್ಟಲು ಬಿದ್ದಿದ್ದವು. ಅವರ ಕಣ್ಣಿಗೆ ಬಿದ್ದ ಸಂಗತಿ, ಒಲೆಯ ಮೇಲಿನ ಹಾಲು ಉಕ್ಕುವಷ್ಟರೊಳಗೆ ಊರು ಸುತ್ತಿ, ಉಪ್ಪುಖಾರ ಹಚ್ಚಿಸಿಕೊಂಡು, ತಿರುಗಿ ಅವರ ಕಿವಿಗೇ ಬರುತ್ತಿತ್ತು.

ಹಾಲಣ್ಣ ಕೊಟ್ಟಿಗೆಯ ಬಾಗಿಲಿಗೆ ಗೋಣಿಚೀಲ ಇಳಿಬಿಟ್ಟ. ಎದುರು ಕಿಟಕಿಯಲ್ಲಿ ಒಂದು ಹುಬ್ಬು ಮೇಲೇರಿತು.

ಸಣ್ಣ ಸದ್ದಿಗೆ ಅವನಿಗೆ ಹೊಳೆದದ್ದು ಹೊಲಿಗೆ ಯಂತ್ರ. ಪಕ್ಕದ ಮನೆಯ ದರ್ಜಿಯ ಬಳಿ ಹಳೆಯದೊಂದು ಮೂಲೆಯಲ್ಲಿ ಬಿದ್ದಿತ್ತು.

“ಯಾಕೆ?” ಎಂದ ದರ್ಜಿ, ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆಯದೆ.

“ಪರದೆ ಹೊಲೀಬೇಕಿತ್ತು.”

“ಎಲ್ಲಿಗೆ ಪರದೆ?”

“ಕೊಟ್ಟಿಗೆಗೆ. ನೊಣ ಜಾಸ್ತಿ.”

“ತಾ, ನಾನೇ ಹೊಲ್ಕೊಡ್ತೀನಿ. ಅಳತೆ ಹೇಳು.”

“ಅಳತೆ ಹೇಳೋ ಹಾಗಿಲ್ಲ,” ಎಂದುಬಿಟ್ಟ ಹಾಲಣ್ಣ. ಸುಳ್ಳು ಹೇಳುವ ಅಭ್ಯಾಸ ಅವನಿಗೆ ಇರಲಿಲ್ಲ. ಹಾಲಿಗೆ ನೀರು ಬೆರೆಸುವಾಗಲೂ ಅವನು ಗಿರಾಕಿಗಳಿಗೆ ಹೇಳಿಯೇ ಬೆರೆಸುತ್ತಿದ್ದ.

ದರ್ಜಿ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೆತ್ತೆಗೆ ಚುಚ್ಚಿದ. ಮೂವತ್ತು ವರ್ಷದ ನೆರೆಮನೆಯವನನ್ನು ಇವತ್ತೇ ಮೊದಲು ಕಂಡಂತೆ ಅಡಿಯಿಂದ ಮುಡಿವರೆಗೆ ನೋಡಿ, “ತಗೊಂಡು ಹೋಗು,” ಎಂದ. ವರ್ಷವರ್ಷ ತನಗೇ ಬರುತ್ತಿದ್ದ ಊರ ಶಾಲೆಯ ಸಮವಸ್ತ್ರದ ಕೆಲಸ ಈ ಸಲ ಕೈತಪ್ಪಿ ಯಾರ ಕೈಗೆ ಹೋಗಲಿದೆಯೆಂದು ಅವನಿಗೆ ಆ ಕ್ಷಣವೇ ಗೊತ್ತಾಗಿಹೋಯಿತು.

ಮೊದಲ ಪ್ರಯತ್ನದಲ್ಲಿ ಹಾಲಣ್ಣ ಆತುರಬಿದ್ದ. ಯಂತ್ರವನ್ನು ಅನುಮಾನಮ್ಮನ ಮೂಗಿನೆದುರೇ ಇಟ್ಟು ಪೆಡಲು ತುಳಿದ. ಮರುಕ್ಷಣ ಅವನೂ ಯಂತ್ರವೂ ಹುಲ್ಲಿನ ಮೆದೆಯ ಮೇಲಿದ್ದರು. ಯಾರು ಮೊದಲು ತಲುಪಿದರು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿತ್ತು. ಮೂರು ಹಸುಗಳು ಸೇರಿ ಒಂದು ಕಂಬವನ್ನು ವಾಲಿಸಿದವು.

“ದೂರದಿಂದ ಅಂತ ಹೇಳಿದ್ರಲ್ಲಾ ರೀ ಡಾಕ್ಟ್ರು,” ಎಂದಳು ಹೆಂಡತಿ, ಅವನ ತಲೆಯಿಂದ ಹುಲ್ಲು ಆರಿಸುತ್ತ.

ಎರಡನೆಯ ಸಲ ಯಂತ್ರ ಅಂಗಳದ ತುದಿಗೆ, ಸೌದೆ ಒಟ್ಟಿದ ಜಾಗಕ್ಕೆ ಹೋಯಿತು. ಹಾಲಣ್ಣ ಪೆಡಲನ್ನು ಒಂದೇ ಸಲ ಒತ್ತಿದ. ಟಕ್. ಅನುಮಾನಮ್ಮನ ಕಿವಿಗಳು ಎರಡು ಸೌಟುಗಳಂತೆ ಎದ್ದವು. ಹೆಂಡತಿ ಅವಳ ಬಾಯಿಗೆ ನೆನೆಸಿದ ಹಿಂಡಿಯ ಒಂದು ಉಂಡೆ ತುರುಕಿದಳು. ಟಕ್ ಟಕ್. ಇನ್ನೊಂದು ಉಂಡೆ. ಸೌಟುಗಳು ನಿಧಾನವಾಗಿ ಇಳಿದವು. ಟಕ್ ಟಕ್ ಟಕ್ ಟಕ್. ಅನುಮಾನಮ್ಮ ಕಣ್ಣು ಅರೆಮುಚ್ಚಿ ಮೆಲುಕು ಹಾಕಿದಳು. ಅವಳ ಮುಖ ನೋಡಿ ಉಳಿದ ಮೂವರೂ ಹಾಕಿದರು. ಹಾಲಣ್ಣ ಯಂತ್ರವನ್ನು ಒಂದು ಗೇಣು ಮುಂದಕ್ಕೆ ಎಳೆದ. ಹೀಗೆ ಗೇಣುಗೇಣಾಗಿ ಅಂಗಳ ದಾಟಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಅವನು ತುಳಿದ ತುಳಿತಕ್ಕೆ ಬಟ್ಟೆ ಕೊಟ್ಟಿದ್ದರೆ ಒಂದು ಪಟಾಲಮ್ಮಿಗೆ ಸಮವಸ್ತ್ರ ಆಗುತ್ತಿತ್ತು.

ಗೋಣಿಚೀಲ ಸರಕ್ಕನೆ ಸರಿಯಿತು. ಗೋಡೆಗೆ ಕಿವಿ ಹಚ್ಚಿ ಹಚ್ಚಿ ಕಿವಿಯೆಲ್ಲ ಸುಣ್ಣ ಮಾಡಿಕೊಂಡಿದ್ದ ದರ್ಜಿ ಒಳಗೆ ನುಗ್ಗಿದ.

“ಸಿಕ್ಕಿಬಿದ್ದೆ. ಬಟ್ಟೆ ಎಲ್ಲಿ?”

“ಬಟ್ಟೆ ಇಲ್ಲ.”

“ದಾರ?”

“ಇಲ್ಲ.”

ದರ್ಜಿ ಬಗ್ಗಿ ಯಂತ್ರದ ಕೆಳಗೆ ನೋಡಿದ. ಹುಲ್ಲಿನಲ್ಲಿ ಕೈಯಾಡಿಸಿದ. “ಹಾಗಾದ್ರೆ ಒಂದು ಗಂಟೆಯಿಂದ ಏನು ಹೊಲೀತಾ ಇದ್ದೀಯ?”

“ಕಾಲಿಗೆ ವ್ಯಾಯಾಮ,” ಎಂದ ಹಾಲಣ್ಣ. “ಡಾಕ್ಟ್ರು ಹೇಳಿದಾರೆ.”

“ಹಸುಗಳ ಎದುರೇ ಮಾಡು ಅಂತಲೂ ಹೇಳಿದಾರಾ?”

“ಅವಕ್ಕೂ ಬೇಜಾರು ಕಳೀಬೇಕಲ್ಲ,” ಎಂದಳು ಹೆಂಡತಿ.

ದರ್ಜಿ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೊರಗೆ ಹೋದ. ಕದ್ದು ಬಟ್ಟೆ ಹೊಲಿಯುವವನನ್ನು ಅವನು ಕ್ಷಮಿಸಿಬಿಡುತ್ತಿದ್ದ. ಬಟ್ಟೆಯೇ ಇಲ್ಲದೆ ಹೊಲಿಯುವವನು ಏನು ಬೇಕಾದರೂ ಮಾಡಬಲ್ಲ. ಅವನು ನೆಟ್ಟಗೆ ಕಿಟಕಿ ಅತ್ತೆಯ ಹತ್ತಿರ ಹೋದ.

ಅಷ್ಟರಲ್ಲಿ ಹಾಲಣ್ಣನ ಎರಡನೆಯ ಪಾಠ ಶುರುವಾಗಿತ್ತು. ಸದ್ದಿನ ಭಯ ಹೋದರೆ ಸಾಲದು, ಕೆಚ್ಚಲಿಗೆ ತಣ್ಣನೆಯ ಬಟ್ಟಲು ತಗುಲಿದರೂ ಬೆಚ್ಚಬಾರದು. ಅವನು ಅಡುಗೆಮನೆಯಿಂದ ನಾಲ್ಕು ಸ್ಟೀಲ್ ಲೋಟ ತಂದ.

“ಅದು ನೆಂಟರು ಬಂದ್ರೆ ಕೊಡೋ ಲೋಟ ರೀ.”

“ಇವತ್ತು ಬರೋದೂ ನೆಂಟರೇ ಅಂದ್ಕೋ.”

ಸೈಕಲ್ಲಿನ ಎರಡು ಹಳೆಯ ಟ್ಯೂಬುಗಳನ್ನು ಕತ್ತರಿಸಿ ಲೋಟಗಳಿಗೆ ಕಟ್ಟಿದ. ಅದನ್ನು ತೊಳೆದು ಆರಿಸಲು ಅಂಗಳದಲ್ಲಿ ತೂಗುಹಾಕಿದ್ದೇ ತಪ್ಪಾಯಿತು. ಕಿಟಕಿ ಅತ್ತೆ ನೋಡಿದರು. ಬಾಗಿಲಿಗೆ ಗೋಣಿಚೀಲ. ಲೋಟ. ಕೊಳವೆ. ದೊಡ್ಡ ತೊಟ್ಟಿಯಲ್ಲಿ ನೆನೆದು ಹುಳಿ ವಾಸನೆ ಹೊಡೆಯುವ ಏನೋ ಒಂದು. ಅವರು ಕಣ್ಣು ಮುಚ್ಚಿ, ತಲೆಯೊಳಗೆ ಕೂಡಿಸಿ, ಕಣ್ಣು ತೆರೆದರು.

“ಕಳ್ಳಭಟ್ಟಿ,” ಎಂದರು.

“ಮತ್ತೆ ನನ್ನ ಹೊಲಿಗೆ ಮಿಷನ್ನು?” ಎಂದ ದರ್ಜಿ.

“ದಡ್ಡ. ಸಾರಾಯಿ ಕುದಿಯೋ ಸದ್ದು ಹೊರಗೆ ಕೇಳಿಸಬಾರದಲ್ಲ, ಅದಕ್ಕೆ.”

ಇಷ್ಟು ಸರಳವಾದದ್ದು ತನಗೆ ಹೊಳೆಯಲಿಲ್ಲವಲ್ಲ ಎಂದು ದರ್ಜಿ ಹಣೆ ಚಚ್ಚಿಕೊಂಡ. ಊಟದ ಹೊತ್ತಿಗೆ ಬೀದಿಯ ನಲವತ್ತು ಮನೆಗಳೂ ಬಾಗಿಲಲ್ಲಿ ನಿಂತು ಮೂಗರಳಿಸುತ್ತಿದ್ದವು. ಎಂದೂ ಹೆಂಡದ ಗಂಧ ಕಾಣದ ಇಬ್ಬರು ಮುದುಕರು ಗಾಳಿ ಕುಡಿದೇ ತೂರಾಡತೊಡಗಿದರು.

ದೊಡ್ಡ ಸದ್ದಿಗೆ ಹಾಲಣ್ಣ ಗುರುತಿಟ್ಟದ್ದು ಮೀಟರಿನವನ ಸ್ಕೂಟರನ್ನು. ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದುವ ಈ ಮನುಷ್ಯನ ಸ್ಕೂಟರು ಯಾವುದೋ ಕಾಲದಲ್ಲಿ ಸೈಲೆನ್ಸರ್ ಕಳೆದುಕೊಂಡಿತ್ತು. ಅದು ಶುರುವಾದರೆ ಎರಡು ಬೀದಿಯ ಗೋಡೆಗಳಿಂದ ಸುಣ್ಣ ಉದುರುತ್ತಿತ್ತು, ಗರ್ಭಿಣಿ ಬೆಕ್ಕುಗಳು ಹೊತ್ತಿಗೆ ಮೊದಲೇ ಮರಿ ಹಾಕುತ್ತಿದ್ದವು.

“ಮೂರು ಗಂಟೆ ಹೊತ್ತು ಸ್ಕೂಟರ್ ಬೇಕಾ?” ಮೀಟರಿನವನು ಸುತ್ತ ನೋಡಿ ದನಿ ತಗ್ಗಿಸಿದ. “ಎಲ್ಲಿಗೂ ಹೋಗಲ್ಲ, ನಿಂತಲ್ಲೇ ಓಡಿಸ್ತೀಯಾ?”

“ಹೂಂ. ಯಾಕೆ ಅಂತ ಕೇಳ್ಬೇಡ.”

“ಕೇಳಲ್ಲ. ನನಗೆ ಎಲ್ಲಾ ಗೊತ್ತು. ಮೊದಲ ಬಾಟಲಿ ನನ್ನದು.”

ತನ್ನ ಹಾಲಿಗೆ ಇಷ್ಟು ಬೇಡಿಕೆಯಿದೆಯೆಂದು ಹಾಲಣ್ಣನಿಗೆ ಖುಷಿಯಾಯಿತು. “ಒಂದ್ಯಾಕೆ, ಎರಡು ತಗೋ. ಬಿಸಿಬಿಸಿ ಕೊಡ್ತೀನಿ, ನೊರೆ ಸಮೇತ.”

ಮೀಟರಿನವನ ಗಂಟಲಮಣಿ ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ಅವನು ಕೀಲಿಯನ್ನಷ್ಟೇ ಕೊಡಲಿಲ್ಲ, ತಾನೇ ಸ್ಕೂಟರು ತಳ್ಳಿಕೊಂಡು ಬಂದ.

ಮೊದಲು ಬೀದಿಯ ಕೊನೆಯಲ್ಲಿ ಅದನ್ನು ಶುರು ಮಾಡಿದರು. ಅನುಮಾನಮ್ಮ ತಲೆಯೆತ್ತಿದಳು, ಹಿಂಡಿ ಬಂತು, ತಲೆ ಇಳಿಸಿದಳು. ಸ್ಕೂಟರು ಒಂದು ಮನೆ ಮುಂದೆ ಬಂತು. ಹಿಂಡಿ ಬಂತು. ಆಮೇಲೆ ಗೇಟಿನ ಹತ್ತಿರ. ಅಲ್ಲಿ ಕಿವಿ ನಿಮಿರಿದ್ದಕ್ಕೆ ಎರಡು ಮನೆ ಹಿಂದಕ್ಕೆ ಹೋಗಬೇಕಾಯಿತು. ಮತ್ತೆ ಗೇಟು, ಮತ್ತೆ ಹಿಂಡಿ. ಎರಡೂವರೆಗೆ ಸ್ಕೂಟರು ಅಂಗಳದಲ್ಲಿತ್ತು, ಮೂರಕ್ಕೆ ಕೊಟ್ಟಿಗೆಯೊಳಗೆ. ಮೂರೂಕಾಲಿಗೆ ಅನುಮಾನಮ್ಮ, ಕತ್ತು ಚಾಚಿ, ಗುಡುಗುಡಿಸುತ್ತಿದ್ದ ಸ್ಕೂಟರಿನ ಸೀಟನ್ನು ತನ್ನ ಕರುವಿನಂತೆ ನೆಕ್ಕುತ್ತಿದ್ದಳು. ಹಾಲಣ್ಣ ಮೆಲ್ಲಗೆ ಲೋಟಗಳನ್ನು ಕೆಚ್ಚಲಿಗೆ ಹಿಡಿದ. ಅವಳು ಬಾಲವನ್ನೂ ಅಲ್ಲಾಡಿಸಲಿಲ್ಲ. ಒಂದು ಸಲ ಹಿಂಡಿ ನೋಡಿದ. ಹಾಲು ನಲ್ಲಿಯಂತೆ ಸುರಿಯಿತು.

ಹೆಂಡತಿಗೆ ಕಣ್ಣು ತುಂಬಿ ಬಂತು. ಅದು ಸ್ಕೂಟರಿನ ಹೊಗೆಯಿಂದ ಎಂದು ಅವಳು ಹೇಳಿದಳು.

ಎದೆ ಉಬ್ಬಿಸಿಕೊಂಡು ಹೊರಗೆ ಬಂದ ಹಾಲಣ್ಣನಿಗೆ ಗೇಟಿನ ಹತ್ತಿರ ಷಡ್ಡಕ ಸಿಕ್ಕಿದ. ಉಬ್ಬಿದ ಎದೆ ತೂತಾದ ಚೆಂಡಿನಂತೆ ಇಳಿಯಿತು.

“ಅಣ್ಣಾ,” ಎಂದು ಷಡ್ಡಕ ನಕ್ಕ. ಹಾಲಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು. “ಒಳಗೆ ಏನೋ ಹೊಸ ಕಸುಬು ನಡೀತಾ ಇದೆಯಂತೆ. ನಮಗೂ ಒಂದು ಮಾತು ಹೇಳಬಾರದಾ?”

“ಯಾರಪ್ಪಾ ಹೇಳಿದ್ದು ನಿನಗೆ?”

“ಇಡೀ ಬೀದಿ ಹೇಳ್ತಾ ಇದೆ. ಮನೆಯವರಿಗೇ ಕೊನೇಲಿ ಗೊತ್ತಾಗೋದು ನೋಡು.”

“ನಿನಗೇನು ಬೇಕು ಅಂತ ನನಗೆ ಗೊತ್ತು,” ಎಂದ ಹಾಲಣ್ಣ, ಹಲ್ಲು ಕಚ್ಚಿ. “ಅದು ಇವತ್ತು ನಿನ್ನ ಮನೆಗೆ ಬರಲ್ಲ.”

“ಒಂದು ಲೋಟ ರುಚಿ ನೋಡೋಕೂ ಕೊಡಲ್ವಾ? ನಾನೇನು ಹೊರಗಿನವನಾ?” ಷಡ್ಡಕನಿಗೆ ನಿಜವಾಗಿಯೂ ನೋವಾಗಿತ್ತು. ಅವನು ಸಿಟ್ಟಿನಿಂದ ಎದುರಿನ ಕಟ್ಟೆಯ ಮೇಲೆ ಹೋಗಿ ಕೂತ. ಅಲ್ಲಿ ಆಗಲೇ ಹದಿನೈದು ಜನ ಕೂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರೂ ಆಕಾಶ ನೋಡುತ್ತ ಹಾಲಣ್ಣನ ಗೇಟು ಕಾಯುತ್ತಿದ್ದರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಬೀದಿಯ ತುದಿಯಲ್ಲಿ ಒಂದು ಜೀಪು ತಿರುಗಿತು. ಮುಂದಿನ ಸೀಟಿನಲ್ಲಿ ಖಾಕಿ ಟೋಪಿ.

“ಬಂದ್ರು, ಅಬಕಾರಿಯವರು,” ಎಂದರು ಕಿಟಕಿ ಅತ್ತೆ. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವರು ಕಿಟಕಿ ಬಿಟ್ಟು ಬೀದಿಗೆ ಇಳಿದರು. ಅವರಿಗೆ ಕಾಲುಗಳೂ ಇವೆಯೆಂದು ಚಿಕ್ಕವರಿಗೆಲ್ಲ ಅಂದೇ ಗೊತ್ತಾದದ್ದು.

ಆಮೇಲಿನದು ಕಣ್ಣುಮುಚ್ಚಿ ತೆರೆಯುವುದರೊಳಗೆ ನಡೆಯಿತು. ಮೀಟರಿನವನು ಹಿತ್ತಿಲಿನಿಂದ ಕೊಟ್ಟಿಗೆಗೆ ಹಾರಿ, ಸ್ಕೂಟರನ್ನು ಹೊರಗೆಳೆದು, ಅದರ ಮೇಲೆ ಮಲಗಿದಂತೆ ಕೂತು ಹೊರಟ. ಆ ಗುಡುಗುಡು ಒಂದು ಬೀದಿ ದಾಟಿತು, ಎರಡು ದಾಟಿತು, ಊರು ದಾಟಿತು. ದರ್ಜಿ ಹೊಲಿಗೆ ಯಂತ್ರವನ್ನು ತಲೆಯ ಮೇಲೆ ಹೊತ್ತು ಓಡಿ, ಮನೆಯೊಳಗೆ ಸೇರಿ, ಅದರ ಮೇಲೆ ಕಂಬಳಿ ಹೊದಿಸಿ, ಜ್ವರದ ರೋಗಿಯೆಂದು ಹೇಳಲು ಸಿದ್ಧನಾಗಿ ಬಾಗಿಲಿಗೆ ಬಂದ.

ಟೋಪಿಯ ಅಧಿಕಾರಿ ಜೀಪಿನಿಂದ ಇಳಿದರು. “ಇಲ್ಲಿ ಹಾಲಣ್ಣ ಅಂದ್ರೆ ಯಾರು?”

ಮೂವತ್ತು ಬೆರಳುಗಳು ಒಟ್ಟಿಗೆ ತೋರಿಸಿದವು.

“ಸಾಹೇಬ್ರೇ, ಮಿಷನ್ನು ನಂದು ನಿಜ,” ಎಂದ ದರ್ಜಿ, ಯಾರೂ ಕೇಳದಿದ್ದರೂ. “ಆದ್ರೆ ಅದರಲ್ಲಿ ಏನು ಮಾಡಿದ ಅಂತ ದೇವರಾಣೆಗೂ ನನಗೆ ಗೊತ್ತಿಲ್ಲ.”

“ಯಾವ ಮಿಷನ್ನು? ಮಿಷನ್ನು ನಾನು ತಂದಿದೀನಿ,” ಎಂದರು ಅಧಿಕಾರಿ. ಚಾಲಕ ಜೀಪಿನಿಂದ ಒಂದು ಪೆಟ್ಟಿಗೆ ಇಳಿಸಿ ಬಿಚ್ಚಿದ. ಕುಂಬಳಕಾಯಿಯಷ್ಟು ದಪ್ಪದ ಹೊಳೆಯುವ ಕ್ಯಾನು, ನಾಲ್ಕು ಕೊಳವೆ, ನಾಲ್ಕು ಬಟ್ಟಲು. “ಹಾಲು ಕರೆಯೋ ಯಂತ್ರ. ಎಲ್ಲಿ ಹಸು?”

ಬೀದಿಯೆಲ್ಲ ಒಂದು ನಿಟ್ಟುಸಿರು ಬಿಟ್ಟಿತು. ಅದರಲ್ಲಿ ನಿರಾಳಕ್ಕಿಂತ ನಿರಾಸೆಯೇ ಹೆಚ್ಚು. “ಇಷ್ಟಕ್ಕೆ ನನ್ನನ್ನ ಕಿಟಕಿಯಿಂದ ಇಳಿಸಿದ್ರಾ?” ಎಂದು ಕಿಟಕಿ ಅತ್ತೆ ಗೊಣಗಿದರು. ಷಡ್ಡಕ ಮಾತ್ರ ಕಟ್ಟೆಯಿಂದ ಎದ್ದು ನಿಂತ. ಬೀದಿಯಲ್ಲಿ ಹಸು ಕಟ್ಟಿದ ಇನ್ನೊಬ್ಬ ಯಾರೆಂದು ಅವನಿಗೂ ಗೊತ್ತಿತ್ತು.

ಎಲ್ಲರೂ ಕೊಟ್ಟಿಗೆಯ ಬಾಗಿಲಲ್ಲಿ ಒತ್ತೊತ್ತಾಗಿ ನಿಂತರು. ಅಧಿಕಾರಿ ಕುಕ್ಕರಗಾಲಿನಲ್ಲಿ ಕೂತು, ಒದೆ ತಪ್ಪಿಸಿಕೊಳ್ಳಲು ಅರ್ಧ ಮೈ ಹಿಂದಕ್ಕೆ ಹಿಡಿದು, ಮೊದಲನೆಯ ಬಟ್ಟಲು ತೊಡಿಸಿದರು. ಅನುಮಾನಮ್ಮ ಮೆಲುಕು ಹಾಕುತ್ತಿದ್ದಳು. ಎರಡನೆಯದು. ಮೂರನೆಯದು. ನಾಲ್ಕನೆಯದನ್ನು ತೊಡಿಸುವಾಗ ಅವಳು ಆಕಳಿಸಿದಳು.

“ಹದಿನೆಂಟು ವರ್ಷದ ಸರ್ವೀಸಲ್ಲಿ ಇಂಥ ಹಸು ನೋಡಿಲ್ಲ,” ಎಂದರು ಅಧಿಕಾರಿ. “ಏನು ಮಾಡಿದ್ರಿ?”

“ಏನಿಲ್ಲ ಸಾರ್, ಹುಟ್ಟಿದಾಗಿನಿಂದ ಅವಳು ಹೀಗೇ,” ಎಂದ ಹಾಲಣ್ಣ. ಷಡ್ಡಕನ ಮುಖ ಕಾಯಿಸದೆ ಬಿಟ್ಟ ಹಾಲಿನಂತೆ ಒಡೆಯುತ್ತಿರುವುದನ್ನು ಅವನು ಓರೆಗಣ್ಣಿನಲ್ಲಿ ನೋಡಿದ. ಬೆರಳುಗಳ ನೋವು ಆಗಲೇ ಅರ್ಧ ಇಳಿದಂತಿತ್ತು.

ಅಧಿಕಾರಿ ಕ್ಯಾನಿನ ಮೇಲಿನ ಗುಂಡಿ ಒತ್ತಿ ಕೈಕಟ್ಟಿ ನಿಂತರು.

ಹಾಲಣ್ಣ ಕಾದ. ಬೀದಿ ಕಾಯಿತು. ಏನೂ ಆಗಲಿಲ್ಲ.

“ಶುರು ಮಾಡಿ ಸಾರ್,” ಎಂದ ಹಾಲಣ್ಣ.

“ಆಗಲೇ ಓಡ್ತಾ ಇದೆಯಲ್ರೀ.” ಅಧಿಕಾರಿ ಹೆಮ್ಮೆಯಿಂದ ನಕ್ಕರು. “ಹಳೇ ಮಾದರಿ ಗಲಾಟೆಗೆ ಹಸುಗಳು ಹೆದರ್ತಾ ಇದ್ವು. ಅದಕ್ಕೇ ಇದನ್ನ ಹೊಸದಾಗಿ ಮಾಡಿಸಿದ್ದು. ಸೊಳ್ಳೆ ಉಸಿರಾಡಿದಷ್ಟೂ ಸದ್ದಿಲ್ಲ. ಕಿವಿಯಿಟ್ಟು ಕೇಳಿ.”

ಮೂವತ್ತು ಜನ ಉಸಿರು ಹಿಡಿದು ಕೇಳಿದರು. ನಿಜ. ಸದ್ದೇ ಇಲ್ಲ. ಆ ಬೀದಿ ಹುಟ್ಟಿದಾಗಿನಿಂದ ಅಂಥ ಮೌನ ಅಲ್ಲಿ ಬಿದ್ದಿರಲಿಲ್ಲ. ದೂರದ ಸಂತೆಯಲ್ಲಿ ಯಾರೋ ಈರುಳ್ಳಿ ಸುಲಿಯುವುದು ಕೇಳಿಸುವಷ್ಟು ಮೌನ.

ಅನುಮಾನಮ್ಮ ಮೆಲುಕು ನಿಲ್ಲಿಸಿದಳು.

ಅವಳ ಒಂದು ಕಿವಿ ಎದ್ದಿತು. ಆಮೇಲೆ ಇನ್ನೊಂದು. ಕೆಚ್ಚಲನ್ನು ಏನೋ ಎಳೆಯುತ್ತಿದೆ, ಆದರೆ ಗುಡುಗುಡು ಇಲ್ಲ. ಬಟ್ಟಲಿದೆ, ಟಕಟಕ ಇಲ್ಲ. ಅವಳು ಸ್ಕೂಟರು ನಿಂತಿದ್ದ ಜಾಗದ ಕಡೆ ನೋಡಿದಳು; ಅಲ್ಲಿ ಒಂದು ಎಣ್ಣೆಯ ಕಲೆ ಮಾತ್ರ. ಬೆಳಗಿನಿಂದ ಲೋಕವೆಲ್ಲ ಸದ್ದು ಮಾಡಿ ಮಾಡಿ ತಿನ್ನಿಸುತ್ತಿತ್ತು. ಈಗ ಇದ್ದಕ್ಕಿದ್ದಂತೆ ಮೂವತ್ತು ಜನ ಬಾಯಿ ಮುಚ್ಚಿಕೊಂಡು ತನ್ನನ್ನೇ ನೋಡುತ್ತಿದ್ದಾರೆ, ಒಬ್ಬರ ಕೈಯಲ್ಲೂ ಹಿಂಡಿಯಿಲ್ಲ. ಇದಕ್ಕಿಂತ ಅನುಮಾನಾಸ್ಪದವಾದದ್ದು ಇನ್ನೇನಿದೆ?

“ಯಾರಾದ್ರೂ ಸದ್ದು ಮಾಡ್ರಪ್ಪಾ,” ಎಂದು ಹಾಲಣ್ಣ ಬಾಯಿ ತೆರೆಯುವುದರೊಳಗೆ ಒದೆ ಬಿದ್ದಾಗಿತ್ತು.

ಕ್ಯಾನು ಸೂರು ಮುಟ್ಟಿ ಬಂತು. ಅಧಿಕಾರಿಯ ಟೋಪಿ ಹಿಂಡಿಯ ತೊಟ್ಟಿಗೆ ಬಿತ್ತು. ಉಳಿದ ಮೂರು ಹಸುಗಳು, ಯಾರನ್ನು, ಯಾತಕ್ಕೆ ಎಂದು ಕೇಳದೆ, ತಮ್ಮ ಪಾಲಿನ ಕರ್ತವ್ಯ ಮಾಡಿದವು. ಬಾಗಿಲಲ್ಲಿ ಒತ್ತಿ ನಿಂತಿದ್ದ ಬೀದಿ ಬಂದದ್ದಕ್ಕಿಂತ ವೇಗವಾಗಿ ಹಿಂದಕ್ಕೆ ಹೋಯಿತು.

“ಸಾರ್, ಅವಳಿಗೆ ಯಂತ್ರದ ಭಯ ಇಲ್ಲ ಸಾರ್,” ಎಂದು ಹಾಲಣ್ಣ ಗೋಗರೆದ. “ಸದ್ದಿಲ್ಲದ್ದಕ್ಕೆ ಹೆದರಿದ್ದು. ಒಂದು ಸ್ಕೂಟರ್ ತರಿಸಿ, ನಿಮಗೇ ತೋರಿಸ್ತೀನಿ.”

ಅಧಿಕಾರಿ ತೊಟ್ಟಿಯಿಂದ ಟೋಪಿ ತೆಗೆದು ಹಿಂಡಿದರು. “ಸದ್ದಿಲ್ಲ ಅಂತ ಹೆದರೋ ಹಸುವಾ?” ಎಂದರು. ಪುಸ್ತಕ ತೆಗೆದು ಒಂದು ಹೆಸರಿನ ಮೇಲೆ ಗೀಟು ಎಳೆದರು. ಜೀಪು ಎಂಟು ಮನೆ ಮುಂದೆ ಹೋಗಿ ನಿಂತಿತು. ಷಡ್ಡಕನ ಹಸು ಹುಟ್ಟಾ ಸೋಮಾರಿ. ಬಟ್ಟಲು ತೊಡಿಸಿದ್ದು, ತೆಗೆದದ್ದು ಎರಡೂ ಅದಕ್ಕೆ ಗೊತ್ತಾಗಲಿಲ್ಲವಂತೆ. ಯಂತ್ರ ಅಲ್ಲೇ ಉಳಿಯಿತು.

ಐದೂವರೆಯಾಯಿತು. ಕರೆಯುವ ಹೊತ್ತು ಮೀರಿ ಹಸುಗಳ ಕೆಚ್ಚಲು ಕಲ್ಲಾಗುತ್ತಿತ್ತು. ಹಾಲಣ್ಣ ಬಕೆಟ್ಟು ಹಿಡಿದು ಅನುಮಾನಮ್ಮನ ಪಕ್ಕ ಕೂತು, ಕಿರ್ರೆನ್ನುವ ಬೆರಳುಗಳಿಂದ ಹಿಂಡಿದ. ಒಂದು ಹನಿಯೂ ಬರಲಿಲ್ಲ. ಅನುಮಾನಮ್ಮ ಎಣ್ಣೆಯ ಕಲೆಯನ್ನೇ ನೋಡುತ್ತಿದ್ದಳು. ಉಳಿದ ಮೂರು ಹಸುಗಳು ಅವಳನ್ನೇ ನೋಡುತ್ತಿದ್ದವು.

“ಮೀಟರಿನವನು ಇನ್ನೂ ಬಂದಿಲ್ಲ ರೀ,” ಎಂದಳು ಹೆಂಡತಿ. “ದರ್ಜಿಯಣ್ಣ ಬಾಗಿಲೇ ತೆಗೀತಿಲ್ಲ.”

ಹಾಲಣ್ಣ ಬಕೆಟ್ಟನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ತುಟಿ ಮುಂದೆ ಮಾಡಿದ.

“ಡುರ್ರ್,” ಎಂದ.

ಅನುಮಾನಮ್ಮನ ಕಿವಿ ಒಂದಿಷ್ಟು ಇಳಿಯಿತು.

“ಇನ್ನೂ ಸ್ವಲ್ಪ ಜೋರಾಗಿ,” ಎಂದಳು ಹೆಂಡತಿ. “ಗೇಟಿನ ಹತ್ರ ಬಂದಾಗ ಹೇಗಿತ್ತೋ ಹಾಗೆ.”

“ಡುರ್ರ್ ಡುಡುಡುಡು ಡುರ್ರ್.” ಹಾಲು ಬಕೆಟ್ಟಿಗೆ ಬಿತ್ತು. ಅವನು ಉಸಿರೆಳೆದುಕೊಳ್ಳಲು ನಿಲ್ಲಿಸಿದರೆ ಹಾಲೂ ನಿಲ್ಲುತ್ತಿತ್ತು. ಮೂವತ್ತು ವರ್ಷದಿಂದ ಬೆರಳಿಗೆ ಮಾತ್ರ ಇದ್ದ ಕೆಲಸ ಈಗ ಗಂಟಲಿಗೂ ಬಂತು. ಅನುಮಾನಮ್ಮನದು ಮುಗಿಯಿತು, ಎರಡನೆಯದು ಮುಗಿಯಿತು, ಮೂರನೆಯದೂ ಹೇಗೋ ಮುಗಿಯಿತು. ನಾಲ್ಕನೆಯ ಹಸುವಿನ ಕೆಳಗೆ ಬಕೆಟ್ಟು ಇಟ್ಟು ಬಾಯಿ ತೆರೆದರೆ, ಹಾಲಣ್ಣನ ಗಂಟಲು ಕಟ್ಟಿಹೋಗಿತ್ತು. ಹೊರಬಿದ್ದದ್ದು ಸ್ಕೂಟರಿನ ಸದ್ದಲ್ಲ, ಹಾಲಣ್ಣನ ಸದ್ದೂ ಅಲ್ಲ. ಒಡಕು ಕೊಳಲಿಗೆ ಶೀತವಾದಂಥ, ಈ ಭೂಮಿಯ ಮೇಲೆ ಯಾವ ಹಸುವೂ ಇದುವರೆಗೆ ಕೇಳಿರದ ಒಂದು ಸದ್ದು.

ಅನುಮಾನಮ್ಮನ ಎರಡು ಕಿವಿಗಳೂ ಸೌಟುಗಳಂತೆ ಎದ್ದವು. ಆಮೇಲೆ ಇನ್ನೂ ಆರು ಕಿವಿಗಳು.

ಹೆಂಡತಿ ಸದ್ದಿಲ್ಲದೆ ಎದ್ದು, ಅಂಗಳದ ತುದಿಯ ಸೌದೆಯ ಜಾಗವನ್ನು ಗಂಡನಿಗೆ ಬೆರಳಿನಿಂದ ತೋರಿಸಿದಳು.

“ನೀವು ಅಲ್ಲಿಗೆ ಹೋಗಿ ಶುರು ಮಾಡಿ ರೀ,” ಎಂದಳು. “ನಾನು ಹಿಂಡಿ ತರ್ತೀನಿ.”